ಹಾಳೆ ತಟ್ಟೆ ಪ್ರೆಸ್ಸಿನ ಡೈ ಪದೇ ಪದೇ ಲೂಸ್ ಆಗ್ತಿದ್ರೆ ಮೊದ್ಲು ಕೈಲಿರೋ ಸ್ಪ್ಯಾನರ್ ನೋಡಿ

ಹೊಸನಗರ, ತೀರ್ಥಹಳ್ಳಿ, ಸಾಗರ ಕಡೆ ಅಡಿಕೆ ಹಾಳೆ ತಟ್ಟೆ ಯೂನಿಟ್ ಇಟ್ಕೊಂಡಿರೋರನ್ನ ಮಾತಾಡ್ಸಿ ನೋಡಿ, ಹೆಚ್ಚುಕಮ್ಮಿ ಎಲ್ರದ್ದೂ ಒಂದೇ ಗೋಳು, ಡೈ (ಹಾಳೆನ ತಟ್ಟೆ ಆಕಾರಕ್ಕೆ ಒತ್ತೋ ಲೋಹದ ಅಚ್ಚು) ನಿಲ್ಲಲ್ಲ ಮಾರಾಯ್ರೆ, ಬೆಳಿಗ್ಗೆ ಬಿಗಿ ಮಾಡಿದ್ದು ಮಧ್ಯಾಹ್ನಕ್ಕೆ ಅಲ್ಲಾಡತ್ತೆ ಅಂತ. ಅದಕ್ಕೆ ಕಂಡ್ಕೊಂಡಿರೋ ಮದ್ದೂ ಒಂದೇ, ಸ್ಪ್ಯಾನರ್ ಹಿಂದೆ ಒಂದು ಜಿಐ ಪೈಪ್ ತೂರ್ಸಿ ಇನ್ನೊಂದು ಸುತ್ತು ಎಳೆಯೋದು. ಎರಡು ದಿನ ನಿಲ್ಲತ್ತೆ, ಆಮೇಲೆ ಮತ್ತೆ ಅದೇ, ಕೊನೆಗೊಂದಿನ ಬೋಲ್ಟಿನ ತಲೆ ಕಿತ್ಕೊಂಡು ಬರತ್ತೆ ಇಲ್ಲಾ ಡೈ ಒಳಗಿನ ಥ್ರೆಡ್ ಸವೆದು ಹೋಗತ್ತೆ. ಬಲ ಸಾಲ್ದೇ ಡೈ ಲೂಸ್ ಆಗೋದು ತೀರಾ ಕಮ್ಮಿ. ಹೆಚ್ಚಿನ ಸಲ ಅಳತೆಗೆ ಕೂರದ ಟೂಲು, ಇಲ್ಲಾಂದ್ರೆ ಬಿಗಿ ಮಾಡಿದ ಹೊತ್ತು ಸರಿ ಇಲ್ಲ. ಈ ಎರಡನ್ನ ಹೆಂಗೆ ಹುಡುಕೋದು ಅಂತ ಬರೀತಿದೀನಿ, ಹೈಡ್ರಾಲಿಕ್ ಮೆಷೀನಿಗೂ ಆಗತ್ತೆ, ಕಾಲಲ್ಲಿ ತುಳಿಯೋ ಹಳೇ ಮಾಡೆಲ್ಲಿಗೂ ಆಗತ್ತೆ.

ಕೈ ಹಾಕೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಳ್ಳಿ, ಯಾಕಂದ್ರೆ ಡೈ ಒಳಗೆ ಹೀಟರ್ ಇದೆ, ಮಳೆಗಾಲದಲ್ಲಿ ಥಂಡಿ ಹಿಡಿದ ಹೀಟರ್ ಮೆಷೀನಿನ ಮೈಗೆ ಕರೆಂಟ್ ಬಿಡೋದು ನಮ್ಮ ಕಡೆ ಹೊಸದಲ್ಲ. ಅರ್ಥಿಂಗ್ ಸರಿ ಇಲ್ಲಾಂದ್ರೆ, 30 ಮಿಲಿ ಆಂಪ್ಸಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಾನೇ ಆಫ್ ಆಗೋ ಸ್ವಿಚ್) ಹಾಕಿಲ್ಲಾಂದ್ರೆ ಮೊದ್ಲು ಆ ಕೆಲಸ, ಡೈ ಆಮೇಲೆ. ಮೇಲಿನ ಡೈ ಕೆಳಗೆ ಗಟ್ಟಿ ಮರದ ತುಂಡು ಕೊಡಿ, ಹೈಡ್ರಾಲಿಕ್ ವಾಲ್ವ್ ಲೀಕ್ ಇದ್ರೆ ರಾಮ್ (ಮೇಲಿನ ಡೈನ ಒತ್ತೋ ದಂಡ) ತಾನಾಗೇ ನಿಧಾನಕ್ಕೆ ಇಳಿಯತ್ತೆ. ಅಡಿಕೆ ದಬ್ಬೆ ಕೊಡ್ಬೇಡಿ, ಸೀಳತ್ತೆ.

ಈಗ ರೋಗ ಯಾವುದು ಅಂತ ನೋಡೋಣ. ತಟ್ಟೆಯ ಅಂಚು ಒಂದು ಕಡೆ ನೀಟಾಗಿ ಕಟ್ ಆಗಿ ಇನ್ನೊಂದು ಕಡೆ ನಾರು ನಾರಾಗಿ ಹರಿದು ಬರ್ತಿದ್ರೆ ಮೇಲಿನ ಡೈ ಸ್ವಲ್ಪ ಸರಿದಿದೆ ಅಂತ ಅನುಮಾನ ಪಡಬಹುದು, ಯಾಕಂದ್ರೆ ಮೇಲಿನ ಡೈ ಮತ್ತೆ ಕೆಳಗಿನ ಡೈ ಕತ್ತರಿ ಥರ ಕೆಲಸ ಮಾಡೋದು, ಮಧ್ಯದ ಸಂದು ಸುತ್ತಲೂ ಒಂದೇ ಸಮ ಇರ್ಬೇಕು. ಡೈ ಮೇಲೆ ಹೋಗೋವಾಗ "ಟಕ್" ಅಂತ ಸದ್ದು ಬಂದ್ರೆ ಅದು ಹೆಚ್ಚುಕಮ್ಮಿ ಗ್ಯಾರಂಟಿ ಮೇಲಿನ ಡೈಯೇ ಜೋತುಬಿದ್ದಿದೆ. ಆದ್ರೆ ಒಂದು ಕಡೆ ಮಾತ್ರ ಕಪ್ಪಗೆ ಸುಟ್ಟಂಗೆ ಆಗ್ತಿದ್ರೆ ಅಥವಾ ಒಂದು ಕಡೆ ತಟ್ಟೆ ಸರಿಯಾಗಿ ಕೂರದೇ ಎದ್ದು ನಿಲ್ತಿದ್ರೆ ತಕ್ಷಣ ಸ್ಪ್ಯಾನರ್ ಹುಡುಕ್ಬೇಡಿ, ಹೀಟರ್ರೋ ಬಿಸಿ ಅಳೆಯೋ ಥರ್ಮೋಕಪಲ್ಲೋ ಕೈ ಕೊಟ್ಟಿರಬಹುದು, ಹಾಳೆನೇ ಸರಿಯಾಗಿ ನೆಂದಿಲ್ದೇ ಇರಬಹುದು. ಹಾಳೆ ನಡುವೆ ದಪ್ಪ, ಅಂಚಲ್ಲಿ ತೆಳು, ಅದನ್ನ ಡೈ ಮೇಲೆ ಓರೆ ಇಟ್ರೂ ಹಂಗೇ ಬರತ್ತೆ. ಅದಕ್ಕೆ ಹಾಳೆನ ಅರ್ಧ ಸುತ್ತು ತಿರುಗಿಸಿ ಇಟ್ಟು ಇನ್ನೊಂದು ತಟ್ಟೆ ಒತ್ತಿ ನೋಡಿ. ದೋಷ ಹಾಳೆ ಜೊತೆ ತಿರುಗಿದ್ರೆ ತಪ್ಪು ಹಾಳೆದು, ಮೆಷೀನಿನ ಅದೇ ಮೂಲೇಲಿ ನಿಂತ್ರೆ ತಪ್ಪು ಮೆಷೀನಿಂದು.

ಮೆಷೀನಿಂದೇ ಅಂತಾದ್ರೆ ಪೇಪರ್ ಪಟ್ಟಿ ಪರೀಕ್ಷೆ ಮಾಡಿ, ಖರ್ಚಿಲ್ಲ. ಹಳೇ ದಿನಪತ್ರಿಕೆನ ಬೆರಳಗಲ ಪಟ್ಟಿ ಕತ್ತರಿಸಿ, ತಣ್ಣಗಿರೋ ಕೆಳಗಿನ ಡೈ ಅಂಚಿಗೆ ನಾಲ್ಕು ದಿಕ್ಕಲ್ಲಿ ಇಟ್ಟು ಮೇಲಿನ ಡೈನ ಮೆಲ್ಲಗೆ ತಾಗೋ ಅಷ್ಟೇ ಇಳಿಸಿ. ಇದಕ್ಕೆ ಮಾತ್ರ ಕರೆಂಟ್ ಬೇಕಾಗತ್ತೆ, ಮರದ ತುಂಡು ತೆಗೆದು, ಹೀಟರ್ ಸ್ವಿಚ್ ಆಫ್ ಇಟ್ಟು ಪಂಪ್ ಮಾತ್ರ ಹಾಕಿ, ಡೈ ಇಳಿಯೋವಾಗ ಕೈ ದೂರ ಇರಲಿ, ಇಳಿದು ನಿಂತ ಮೇಲೆ ಪಂಪ್ ಆಫ್ ಮಾಡಿ ಒಂದೊಂದೇ ಪಟ್ಟಿ ಎಳೀರಿ. ಮೂರು ಬಿಗಿ ಹಿಡಿದು ಒಂದು ಸಲೀಸಾಗಿ ಬಂದ್ರೆ ಆ ಕಡೆ ಡೈ ಎದ್ದಿದೆ. ಫೀಲರ್ ಗೇಜ್ (ಸಂದು ಅಳೆಯೋ ತೆಳು ತಗಡಿನ ಸೆಟ್) ಇದ್ರೆ ಎಷ್ಟು ಎದ್ದಿದೆ ಅಂತ ಲೆಕ್ಕನೂ ಸಿಗತ್ತೆ. ಒಂದು ಎಚ್ಚರಿಕೆ, ಪ್ಲೇಟ್ ನೇರ ಇಳಿಯೋಕೆ ಇರೋ ಕಂಬದ ಬುಶ್, ಅಂದ್ರೆ ಗೈಡ್ ಪಿಲ್ಲರ್ ಬುಶ್, ಸವೆದಿದ್ರೂ ಇದೇ ಫಲಿತಾಂಶ ಬರತ್ತೆ, ಹಂಗಾಗಿ ಡೈ ಒಂದನ್ನೇ ಹಿಡಿದು ಅಲ್ಲಾಡ್ಸಿ, ಆಮೇಲೆ ಡೈ ಕೂತಿರೋ ಪ್ಲೇಟನ್ನ ಅಲ್ಲಾಡ್ಸಿ, ಪ್ಲೇಟೇ ಅಲ್ಲಾಡಿದ್ರೆ ಡೈ ಬೋಲ್ಟ್ ಎಷ್ಟು ಬಿಗಿ ಮಾಡಿದ್ರೂ ದಂಡ.

ಗುರುತಿನ ಗೆರೆ

ನನ್ನ ಪ್ರಕಾರ ಇದೊಂದನ್ನ ಮಾಡಿದ್ರೆ ಅರ್ಧ ಉತ್ತರ ಸಿಕ್ಕಂಗೆ. ಬೋಲ್ಟ್ ಬಿಗಿ ಮಾಡಿದ ಮೇಲೆ ತಲೆ ಮೇಲಿಂದ ವಾಷರ್ ದಾಟಿ ಡೈ ಮೇಲಕ್ಕೆ ಪೇಂಟ್ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೀರಿ. ಮಾಮೂಲಿ ಸ್ಕೆಚ್ ಪೆನ್ನು ಬಿಸಿಗೆ, ಹಾಳೆ ನೀರಿಗೆ ಅಳಿಸಿ ಹೋಗತ್ತೆ, ಬಿಳಿ ನೇಲ್ ಪಾಲಿಶ್ ಆದ್ರೂ ಆಯ್ತು, ಮನೇಲಿ ಕೇಳಿ ತಗೊಳ್ಳಿ. ಮುಂದಿನ ಸಲ ಡೈ ಲೂಸ್ ಆದಾಗ ಗೆರೆ ನೋಡಿ. ಗೆರೆ ಮುರಿದಿದ್ರೆ ಬೋಲ್ಟು ತಿರುಗ್ತಾ ಇದೆ. ಗೆರೆ ಹಂಗೇ ನೇರ ಇದ್ದು ಡೈ ಮಾತ್ರ ಅಲ್ಲಾಡ್ತಿದ್ರೆ ಬೋಲ್ಟು ತಿರುಗೇ ಇಲ್ಲ, ಅದು ಎಳೆದು ಉದ್ದ ಆಗಿದೆ, ಇಲ್ಲಾ ವಾಷರ್ ಕೆಳಗಿನ ಅಲ್ಯೂಮಿನಿಯಂ ಒಳಗೆ ಕುಸಿದಿದೆ, ಇಲ್ಲಾ ಥ್ರೆಡ್ ಹೋಗಿದೆ, ಇಲ್ಲಾ ಬೋಲ್ಟು ಉದ್ದ ಜಾಸ್ತಿ ಆಗಿ ತೂತಿನ ತಳಕ್ಕೆ ತಾಗಿ ನಿಂತಿದೆ. ಎರಡಕ್ಕೂ ಮದ್ದು ಬೇರೆ ಬೇರೆ, ಇದನ್ನ ನೋಡ್ದೆ ಬಿಗಿ ಮಾಡ್ತಾ ಹೋಗೋದ್ರಿಂದಾನೇ ಅರ್ಧ ಡೈಗಳು ಹಾಳಾಗಿರೋದು.

ತಳಕ್ಕೆ ತಾಗಿದ್ಯಾ ಅಂತ ತಿಳ್ಕೊಳ್ಳೋದು ಸುಲಭ. ಬೋಲ್ಟ್ ಫುಲ್ ಟೈಟ್ ಅನ್ಸತ್ತೆ ಆದ್ರೆ ಅದರ ಕೆಳಗಿನ ವಾಷರ್ ಬೆರಳಲ್ಲೇ ತಿರುಗತ್ತೆ. ಬೋಲ್ಟ್ ತೆಗೆದು ತೂತಿಗೆ ಒಂದು ತಂತಿ ಇಳಿಸಿ ಆಳ ನೋಡಿ, ಬೋಲ್ಟ್ ಉದ್ದದ ಜೊತೆ ಹೋಲಿಸಿ, ಒಂದು ಮೂರು ನಾಲ್ಕು ಎಂಎಂ ಖಾಲಿ ಉಳಿಯೋ ಹಂಗೆ ಬೋಲ್ಟ್ ಕತ್ತರಿಸಿ ಹಾಕಿ. ತೂತಲ್ಲಿ ಹಾಳೆ ಪುಡಿ, ಎಣ್ಣೆ ಜಿಡ್ಡು ಸೇರಿ ಗಟ್ಟಿ ಆಗಿರೋದನ್ನೂ ಕಂಡಿದೀನಿ, ಅದೂ ತಳನೇ.

ಬೋಲ್ಟು ಯಾಕೆ ತಾನಾಗೇ ತಿರುಗತ್ತೆ? ಜನ ಪ್ರೆಸ್ಸಿನ ಹೊಡೆತಕ್ಕೆ ಅಂತಾರೆ, ಆದ್ರೆ ನೇರ ಒತ್ತೋ ಬಲಕ್ಕಿಂತ ಅಡ್ಡಡ್ಡ ಜಾರೋದೇ ಬೋಲ್ಟಿನ ದೊಡ್ಡ ಶತ್ರು. 1969ರಲ್ಲಿ ಗೆರ್ಹಾರ್ಡ್ ಯುಂಕರ್ ಅನ್ನೋ ಜರ್ಮನ್ ಇಂಜಿನಿಯರ್ ಇದನ್ನ ಪರೀಕ್ಷೆ ಮಾಡಿ ತೋರ್ಸಿದ್ರು, ಹಿಡಿದಿರೋ ಎರಡು ಭಾಗ ಅಡ್ಡಕ್ಕೆ ಹಿಂದೆ ಮುಂದೆ ಜಾರಿದ್ರೆ ಬೋಲ್ಟ್ ತಾನಾಗೇ ಬಿಚ್ಕೊಳ್ಳತ್ತೆ ಅಂತ. ನಮ್ಮ ಡೈನಲ್ಲಿ ಈ ಜಾರಾಟಕ್ಕೆ ಬಿಸಿನೇ ಸಾಕು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗತ್ತೆ, 300 ಎಂಎಂ ಅಂದ್ರೆ 12 ಇಂಚಿನ ಅಲ್ಯೂಮಿನಿಯಂ ಡೈನ 80 ಡಿಗ್ರಿ ಏರಿಸಿದ್ರೆ ಕೆಳಗಿರೋ ಉಕ್ಕಿನ ಪ್ಲೇಟಿಗಿಂತ ಕಾಲು ಎಂಎಂ ಜಾಸ್ತಿ ಅಗಲ ಆಗತ್ತೆ, ಪ್ಲೇಟೂ ಅಷ್ಟೇ ಬಿಸಿ ಆದ್ರೂನೂ. ಸಂಜೆ ತಣ್ಣಗಾದಾಗ ವಾಪಸ್ ಬರತ್ತೆ. ಕರೆಂಟ್ ಹೋಗಿ ಬಂದು ಮಾಡಿದ್ರೆ ದಿನಕ್ಕೆ ಇನ್ನೂ ಹಲವು ಸಲ. ಇದಕ್ಕೆ ಎಲ್ರೂ ಹಾಕೋ ಸ್ಪ್ರಿಂಗ್ ವಾಷರ್ ಇದ್ಯಲ್ಲ, ಬೋಲ್ಟ್ ಪೂರ್ತಿ ಬಿಗಿ ಆದ್ಮೇಲೆ ಅದು ಚಪ್ಪಟೆ ಆಗಿ ಬರೀ ವಾಷರ್ ಆಗಿಬಿಡತ್ತೆ, ಈ ಥರ ಜಾರಾಟ ತಡೆಯೋ ತಾಕತ್ತು ಅದಕ್ಕಿಲ್ಲ. ಅದರ ಬದ್ಲು ದಪ್ಪನೆ ಹಾರ್ಡನ್ಡ್ (ಗಟ್ಟಿ ಮಾಡಿದ ಉಕ್ಕಿನ) ವಾಷರ್ ಹಾಕಿ, ಥ್ರೆಡ್ ಲಾಕರ್ (ಥ್ರೆಡ್ ಬಿಚ್ಚದಂಗೆ ಹಿಡಿಯೋ ಅಂಟು) ಬಳಸಿ. ಲಾಕ್ಟೈಟ್ 243 ನೀಲಿದು 180 ಡಿಗ್ರಿ ತನಕ ತಡೆಯತ್ತೆ, ನಮ್ಮ ಡೈನ ಸಾಮಾನ್ಯವಾಗಿ ಅಷ್ಟು ಬಿಸಿ ಮಾಡಲ್ಲ. ಒಳಗಿನ ಅಂಟು ಕೆಂಪು ಇರೋದನ್ನ ತರಬೇಡಿ, ಡೈ ಬದಲಾಯಿಸೋ ದಿನ ಗ್ಯಾಸ್ ಟಾರ್ಚ್ ಹುಡುಕ್ಬೇಕಾಗತ್ತೆ.

ಟೂಲು

ಮೊದ್ಲು ಪೈಪ್ ರೆಂಚ್ ವಿಷಯ ಮುಗಿಸಿಬಿಡ್ತೀನಿ: ಅದು ಪೈಪಿಗೆ. ಡೈ ಹತ್ರ ಅದನ್ನ ಕಾಣಿಸ್ಲೇಬೇಡಿ. ಅಡ್ಜಸ್ಟಬಲ್ ಸ್ಪ್ಯಾನರ್ ತುರ್ತಿಗೆ ಪರವಾಗಿಲ್ಲ ಆದ್ರೆ ಅದರ ದವಡೆ ಯಾವತ್ತೂ ಸ್ವಲ್ಪ ಆಡತ್ತೆ, ಬಲ ಕೊಟ್ಟಾಗ ಬಿಚ್ಕೊಂಡು ನಟ್ಟಿನ ಮೂಲೆ ತಿನ್ನತ್ತೆ. ಮೂಲೆ ಒಂದ್ಸಲ ದುಂಡಗಾದ್ರೆ ಆಮೇಲೆ ಸರಿಯಾದ ಸ್ಪ್ಯಾನರ್ರೂ ಜಾರತ್ತೆ, ಸ್ಪ್ಯಾನರ್ ಜಾರತ್ತೆ ಅಂತ ಅರ್ಧ ಬಿಗಿಗೇ ಬಿಡ್ತಾರೆ, ಡೈ ಲೂಸ್ ಆಗತ್ತೆ. ಡಬಲ್ ಎಂಡ್ ಫಿಕ್ಸ್ ಸ್ಪ್ಯಾನರ್ ಎರಡೇ ಮುಖ ಹಿಡಿಯತ್ತೆ, ರಿಂಗ್ ಸ್ಪ್ಯಾನರ್ ಆರೂ ಮೂಲೆ ಹಿಡಿಯತ್ತೆ, ಹಂಗಾಗಿ ಜಾಗ ಇದ್ದಲ್ಲೆಲ್ಲಾ ರಿಂಗು ಇಲ್ಲಾ ಬಾಕ್ಸು. ಬಾಕ್ಸಲ್ಲಿ 12 ಪಾಯಿಂಟಿಂದು (ಒಳಗೆ 12 ಮೂಲೆ) ಸಿಗತ್ತೆ 6 ಪಾಯಿಂಟಿಂದು ಸಿಗತ್ತೆ, 6 ಪಾಯಿಂಟ್ ತಗೊಳ್ಳಿ, ಹಳೇ ತುಕ್ಕು ಬೋಲ್ಟಿಗೆ ಅದೇ ಸೈ.

ಅಳತೆ ಗೊಂದಲ ನಮ್ಮ ಕಡೆ ದೊಡ್ಡ ಕಾಯಿಲೆ, ಇದ್ರ ಬಗ್ಗೆ ಸ್ವಲ್ಪ ಉದ್ದ ಬರೀಲೇಬೇಕು. ಎಂ 8 ಅಂದ್ರೆ 8 ಎಂಎಂ ದಪ್ಪದ ಬೋಲ್ಟು, ಅದರ ತಲೆ 13 ಎಂಎಂ, ಅದ್ರಲ್ಲಿ ತಕರಾರಿಲ್ಲ. ಎಂ 10 ಬೋಲ್ಟಿಗೆ ಹಳೇ ಅಳತೆಲಿ 17 ಎಂಎಂ ತಲೆ, ಈಗ ಬರೋ ಹೊಸದ್ರಲ್ಲಿ 16, ಎಂ 12ಕ್ಕೆ ಹಳೇದು 19, ಹೊಸದು 18. ಒಂದೇ ಡೈನಲ್ಲಿ ಎರಡು ಹಳೇದು ಎರಡು ಹೊಸದು ಹಾಕಿರ್ತಾರೆ, 17ರ ಸ್ಪ್ಯಾನರ್‌ನಲ್ಲೇ ನಾಲ್ಕನ್ನೂ ತಿರುಗಿಸ್ತಾರೆ, ಎರಡರ ಮೂಲೆ ಹೋಗತ್ತೆ, ಹೋದ ಎರಡೇ ಮತ್ತೆ ಮತ್ತೆ ಲೂಸ್ ಆಗೋದು. ಇದರ ಮೇಲೆ ಇಂಚಿನ ಸ್ಪ್ಯಾನರ್ ಬೇರೆ, ಅಜ್ಜನ ಕಾಲದ ಪಂಪ್‌ಸೆಟ್ ಜೊತೆ ಬಂದಿದ್ದು ಎಲ್ರ ಮನೆಲೂ ಇರತ್ತೆ. 3/4 ಇಂಚು 19.05 ಎಂಎಂ, ಅದು 19ಕ್ಕೆ ಕೂರತ್ತೆ, ಅಡ್ಡಿಯಿಲ್ಲ. ಆದ್ರೆ 11/16 ಅಂದ್ರೆ 17.46, ಅದನ್ನ 17ರ ತಲೆಗೆ ಹಾಕಿದ್ರೆ ಅರ್ಧ ಎಂಎಂ ಆಟ ಇರತ್ತೆ, ಅಷ್ಟೇ ಸಾಕು ಮೂಲೆ ಕೆಡೋಕೆ.

ಎಲನ್ ಬೋಲ್ಟ್ (ತಲೆಲಿ ಆರು ಮೂಲೆ ತೂತು ಇರೋದು) ಹಾಕಿರೋ ಡೈಗಳಲ್ಲಿ ಇನ್ನೂ ಸೂಕ್ಷ್ಮ. ಎಂ 6ಕ್ಕೆ 5 ಎಂಎಂ ಕೀ, ಎಂ 8ಕ್ಕೆ 6, ಎಂ 10ಕ್ಕೆ 8, ಎಂ 12ಕ್ಕೆ 10. ಗುಂಡು ತಲೆಯ ಬಟನ್ ಹೆಡ್ ಆದ್ರೆ ಎಂ 8ಕ್ಕೂ 5ರ ಕೀನೇ, ಅದು ಡೈ ಹಿಡಿಯೋ ಕೆಲಸಕ್ಕೆ ಆಗೋದಲ್ಲ, ಕಂಡ್ರೆ ತೆಗೆದು ಸಾಕೆಟ್ ಹೆಡ್ ಹಾಕಿ. 3/16 ಇಂಚಿನ ಕೀ 4.76 ಎಂಎಂ, ಅದು 5ರ ತೂತಿಗೆ ಆರಾಮಾಗಿ ಹೋಗತ್ತೆ, ಆರಾಮಾಗಿ ಒಳಗೆಲ್ಲಾ ದುಂಡಗೆ ಮಾಡತ್ತೆ. ಬಾಲ್ ಎಂಡ್ ಇರೋ ಕೀ ಓರೆಯಿಂದ ತಿರುಗಿಸೋಕೆ ಚೆನ್ನಾಗಿದೆ, ಆದ್ರೆ ಬೋಲ್ಟನ್ನ ಬೇಗ ಇಳಿಸೋಕೆ ಮಾತ್ರ, ಕೊನೇ ಬಿಗಿ ಕೊಡೋಕೆ ಗಿಡ್ಡ ನೇರ ತುದಿನೇ ಹಾಕಿ, ಬಾಲ್ ಕತ್ತು ತೆಳು, ಮುರಿದು ಒಳಗೇ ಉಳಿದ್ರೆ ಕತೆ ಮುಗೀತು. ತೂತಲ್ಲಿ ಕಚ್ಚಿರೋ ಹಾಳೆ ಪುಡಿನ ಮೊದ್ಲು ಮೊಳೆಲಿ ಕೆದಕಿ ತೆಗೀರಿ, ಕೀ ಅರ್ಧನೇ ಇಳಿದ್ರೆ ಹೊಸ ಕೀನೂ ಜಾರತ್ತೆ. ಸಂತೆಲಿ ಸಿಗೋ ಹೊಳೆಯೋ ಸೆಟ್ ಬೇಡ, ಅದರ ಉಕ್ಕು ಮೆತ್ತಗೆ, ಕೀ ತುದಿನೇ ತಿರುಚಿಕೊಳ್ಳತ್ತೆ. ಟಪಾರಿಯಾನೋ ಅಂಥದ್ದೇ ಒಳ್ಳೇ ಕಂಪನಿದೋ ಒಂದು ಸೆಟ್ ತಗೊಂಡು ಯಾರಿಗೂ ಕೊಡದೇ ಇಟ್ಕೊಳ್ಳಿ, ಬೈಕ್ ಸೈಲೆನ್ಸರ್ ಬಿಚ್ಚೋಕೆ ಕೇಳ್ಕೊಂಡು ಬರೋರಿಗೆ ಹಳೇದು ಕೊಡಿ.

ಸ್ಟಡ್ (ತಲೆ ಇಲ್ಲದ ಥ್ರೆಡ್ ಸರಳು) ಮೇಲೆ ತಿರುಗಿಸಿ, ಅದು ಬಿಚ್ಚದಂಗೆ ಚೆಕ್ ನಟ್ ಹಾಕೋ ಡೈ ಇದ್ರೆ ಒಂದು ಸ್ಪ್ಯಾನರಿಂದ ಕೆಲಸ ಆಗಲ್ಲ. ಚೆಕ್ ನಟ್ ಬಿಗಿ ಮಾಡ್ತಾ ಇದ್ದಂಗೆ ಡೈನೂ ಅದರ ಜೊತೆ ಸ್ವಲ್ಪ ತಿರುಗತ್ತೆ, ದುಂಡು ತಟ್ಟೆಗೆ ಗೊತ್ತಾಗಲ್ಲ, ಚೌಕ ತಟ್ಟೆ ಅಥವಾ ಪಾರ್ಟಿಶನ್ ಇರೋ ಊಟದ ತಟ್ಟೆ ಡೈ ಆದ್ರೆ ಮೇಲಿಂದು ಕೆಳಗಿಂದು ಓರೆ ಆಗಿ ಒಂದಕ್ಕೊಂದು ಕಚ್ಚತ್ತೆ. ಒಂದು ಸ್ಪ್ಯಾನರಲ್ಲಿ ಡೈನ ಕತ್ತು ಹಿಡೀಬೇಕು ಇನ್ನೊಂದ್ರಲ್ಲಿ ನಟ್ಟು. ಚೆಕ್ ನಟ್ ತೆಳು ಇರತ್ತೆ, ಮಾಮೂಲಿ ಸ್ಪ್ಯಾನರ್ ದಪ್ಪ, ಎರಡೂ ಒಟ್ಟಿಗೆ ಕೂರಲ್ಲ. ಅದಕ್ಕೆ ಟ್ಯಾಪೆಟ್ ಸ್ಪ್ಯಾನರ್ ಅಂತ ತೆಳ್ಳಗಿಂದು ಸಿಗತ್ತೆ, ಸಿಗದಿದ್ರೆ ಹಳೇ ಫಿಕ್ಸ್ ಸ್ಪ್ಯಾನರ್ ಒಂದನ್ನ ಗ್ರೈಂಡರಲ್ಲಿ ತೆಳು ಮಾಡಿಸ್ಕೊಳ್ಳಿ, ಗ್ರೈಂಡ್ ಮಾಡೋವಾಗ ನೀಲಿ ಬಣ್ಣಕ್ಕೆ ತಿರುಗೋ ಅಷ್ಟು ಬಿಸಿ ಆಗದೇ ನೀರಲ್ಲಿ ಅದ್ದಿ ಅದ್ದಿ ತೆಗೀಬೇಕು, ಇಲ್ಲಾಂದ್ರೆ ಮೆತ್ತಗಾಗತ್ತೆ. ಸುತ್ತ ಕಚ್ಚು ಇರೋ ರಿಂಗ್ ನಟ್ಟಿಗೆ ಹುಕ್ ಸ್ಪ್ಯಾನರ್. ಉಳಿ ಸುತ್ತಿಗೆ ಇಟ್ಟು ಹೊಡೆದು ತಿರುಗ್ಸೋದು ನಮ್ಮಲ್ಲಿ ರೂಢಿ, ಕಚ್ಚು ಎಲ್ಲಾ ಚಪ್ಪಟೆ ಆಗಿ ಕೊನೆಗೆ ಹುಕ್ಕೂ ಕೂರಲ್ಲ. ಇಂಪ್ಯಾಕ್ಟ್ ಗನ್ ಲಾರಿ ಚಕ್ರಕ್ಕೆ ಸರಿ, ಇಲ್ಲಿ ಬೇಡ.

ಎಷ್ಟು ಬಿಗಿ ಅನ್ನೋದು. 8.8 ಗ್ರೇಡಿನ (ಗ್ರೇಡ್ ಅಂದ್ರೆ ಬೋಲ್ಟಿನ ಬಲದ ನಂಬರು) ಉಕ್ಕಿನ ಬೋಲ್ಟು ಉಕ್ಕಿನ ಥ್ರೆಡ್ಡಿಗೆ ಒಣಗಿರೋವಾಗ ಎಂ 8ಕ್ಕೆ ಸುಮಾರು 25 ನ್ಯೂಟನ್ ಮೀಟರ್ (ತಿರುಗಿಸೋ ಬಲದ ಅಳತೆ), ಎಂ 10ಕ್ಕೆ 49ರ ಹತ್ರ, ಎಂ 12ಕ್ಕೆ 85ರ ಹತ್ರ. ಥ್ರೆಡ್ಡಿಗೆ ಎಣ್ಣೆ ಹಚ್ಚಿದ್ರೆ ಅದೇ ಎಳೆತಕ್ಕೆ ಬೋಲ್ಟು ಇನ್ನೂ ಜಾಸ್ತಿ ಹಿಗ್ಗತ್ತೆ, ಹಂಗಾಗಿ ಕಾಲು ಭಾಗ ಕಮ್ಮಿ ಮಾಡಿ. ಅಲ್ಯೂಮಿನಿಯಂನಲ್ಲಿ ಕೊರೆದ ಥ್ರೆಡ್ ಆದ್ರೂ ಕಮ್ಮಿನೇ, ಮೆಷೀನ್ ಕೊಟ್ಟೋರು ನಂಬರ್ ಕೊಟ್ಟಿದ್ರೆ ಅದೇ ಅಂತಿಮ. ಈ ಬಲ ಅಳೆದು ತೋರಿಸೋ ಟಾರ್ಕ್ ರೆಂಚ್ ತಗೊಳ್ಳೋದಾದ್ರೆ ಜನ ಸೀದಾ 1/2 ಇಂಚಿನ (ಬಾಕ್ಸ್ ಸಿಕ್ಕಿಸೋ ಚೌಕದ ಅಳತೆ) ದೊಡ್ಡದು ತರ್ತಾರೆ, ಅದು ಸಾಮಾನ್ಯವಾಗಿ 28ರಿಂದ 210ರ ತನಕ ಇರೋದು, ಎಂ 8 ಅದರ ಲೆಕ್ಕಕ್ಕೇ ಬರಲ್ಲ, ಕೆಳಗಿನ ತುದಿಲಿ ಅದನ್ನ ನಂಬೋಕೂ ಆಗಲ್ಲ. ಡೈ ಕೆಲಸಕ್ಕೆ 3/8 ಇಂಚಿನ ಚಿಕ್ಕದು ಸರಿ, ಎಂ 12 ಇದ್ರೆ ಮಾತ್ರ ದೊಡ್ಡದು. ಕೆಲಸ ಮುಗಿದ ಮೇಲೆ ಅದನ್ನ ಕನಿಷ್ಠ ನಂಬರಿಗೆ ಇಳಿಸಿ ಇಡಿ, ಬಿಚ್ಚೋಕೆ ಅದನ್ನ ಬಳಸ್ಬೇಡಿ.

ಟಾರ್ಕ್ ರೆಂಚಿಗೆ ದುಡ್ಡು ಹಾಕೋಕೆ ಮನಸಿಲ್ವಾ, ಅಡಿಕೆ ತೂಗೋ ಕೊಕ್ಕೆ ತಕ್ಕಡಿ ಇದ್ಯಲ್ಲ, ಅದು ಸಾಕು. ಬೋಲ್ಟಿನ ನಡುವಿಂದ 20 ಸೆಂಟಿಮೀಟರ್ ದೂರಕ್ಕೆ ಸ್ಪ್ಯಾನರ್ ಹಿಡಿಗೆ ಕೊಕ್ಕೆ ಸಿಕ್ಕಿಸಿ, ಸ್ಪ್ಯಾನರಿಗೆ ಸರಿ ಅಡ್ಡಕ್ಕೆ ಎಳೀರಿ, ತಕ್ಕಡಿ 12ರಿಂದ 13 ಕೆಜಿ ತೋರಿಸಿದಾಗ 25 ನ್ಯೂಟನ್ ಮೀಟರ್ ಬಂತು ಅಂತ. ಎಂ 12ಕ್ಕೆ 30 ಸೆಂಟಿಮೀಟರ್ ದೂರದಲ್ಲಿ 29 ಕೆಜಿ ಆಸುಪಾಸು. ಒಂದ್ಸಲ ಹಿಂಗೆ ಎಳೆದು ನೋಡಿದ್ರೆ ಜಿಐ ಪೈಪ್ ಹಾಕಿದಾಗ ಅದರ ಎಷ್ಟು ಪಟ್ಟು ಕೊಡ್ತಿದ್ವಿ ಅಂತ ಗೊತ್ತಾಗತ್ತೆ. ನಾಲ್ಕು ಬೋಲ್ಟಿದ್ರೆ ಎದುರು ಬದುರು ಮಾಡಿ, ಮೊದಲ ಸುತ್ತು ಅರ್ಧ ಬಿಗಿ, ಎರಡನೇ ಸುತ್ತು ಪೂರ್ತಿ.

ಹೊತ್ತು

ಬೆಳಿಗ್ಗೆ ಲೂಸ್ ಕಾಣತ್ತೆ ಅನ್ನೋರು ಹೆಚ್ಚಿನೋರು ಹಿಂದಿನ ದಿನ ಡೈ ಬಿಸಿ ಇರೋವಾಗ ಬಿಗಿ ಮಾಡಿರ್ತಾರೆ. 25 ಎಂಎಂ ದಪ್ಪದ ಅಲ್ಯೂಮಿನಿಯಂ ಅಂಚನ್ನ ಉಕ್ಕಿನ ಬೋಲ್ಟ್ ಹಿಡಿದಿದೆ ಅಂದ್ಕೊಳ್ಳಿ, 80 ಡಿಗ್ರಿ ಏರಿದಾಗ ಅಂಚು ಬೋಲ್ಟಿಗಿಂತ 0.02 ಎಂಎಂ ಜಾಸ್ತಿ ದಪ್ಪ ಆಗತ್ತೆ. ಏನ್ ಮಹಾ ಅನ್ಸತ್ತೆ, ಆದ್ರೆ ಸರಿಯಾಗಿ ಬಿಗಿ ಆದ ಎಂ 8 ಬೋಲ್ಟು ಅಷ್ಟು ಉದ್ದಕ್ಕೆ ಹಿಗ್ಗೋದೇ 0.05 ಎಂಎಂ ಹತ್ರ, ಡೈನ ಹಿಡಿದಿರೋದು ಆ ಹಿಗ್ಗೇ. ಬಿಸಿಲಿ ಬಿಗಿ ಮಾಡಿದ್ರೆ ರಾತ್ರಿ ತಣ್ಣಗಾದಾಗ ಅದ್ರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಹೋಯ್ತು. ಉಲ್ಟಾ, ತಣ್ಣಗಿರೋವಾಗ ಪೈಪ್ ಹಾಕಿ ಮಿತಿಮೀರಿ ಎಳೆದ್ರೆ ಬಿಸಿ ಆದಾಗ ಅದರ ಮೇಲೆ ಇನ್ನಷ್ಟು ಬಲ ಬಿದ್ದು ವಾಷರ್ ಅಲ್ಯೂಮಿನಿಯಂ ಒಳಗೆ ಕೂರತ್ತೆ, ಮತ್ತೆ ತಣ್ಣಗಾದಾಗ ಲೂಸು, ಗೆರೆ ಮಾತ್ರ ನೇರ. ಹಂಗಾಗಿ ತಣ್ಣಗಿರೋವಾಗ ಸರಿಯಾದ ಅಳತೆಗೆ ಬಿಗಿ ಮಾಡಿ, ಕೆಲಸದ ಬಿಸಿಗೆ ಏರಿಸಿ ಒಂದಷ್ಟು ತಟ್ಟೆ ಒತ್ತಿ, ಪೂರ್ತಿ ತಣ್ಣಗಾಗೋಕೆ ಬಿಟ್ಟು ಮಾರನೇ ದಿನ ಬೆಳಿಗ್ಗೆ ಅದೇ ಅಳತೆಗೆ ಮತ್ತೆ ನೋಡಿ. ಥ್ರೆಡ್ ಲಾಕರ್ ಹಾಕೋದು ಈ ಎರಡನೇ ಸಲಕ್ಕೆ, ಒಂದೊಂದೇ ಬೋಲ್ಟ್ ಬಿಚ್ಚಿ ಜಿಡ್ಡು ಒರೆಸಿ ಹನಿ ಹಾಕಿ ಬಿಗಿ ಮಾಡಿ, ಒಣಗೋಕೆ ಟೈಮ್ ಕೊಡಿ.

ಮಳೆಗಾಲ ಪೂರ್ತಿ ನಿಲ್ಲಿಸಿ ಆಮೇಲೆ ಶುರು ಮಾಡೋ ಯೂನಿಟ್ಟುಗಳಲ್ಲಿ ಬೋಲ್ಟ್ ತುಕ್ಕು ಹಿಡಿದು ಕಚ್ಚಿರತ್ತೆ. ಥ್ರೆಡ್ ಅಲ್ಯೂಮಿನಿಯಂ ಒಳಗಿದ್ರೆ ಹೀಟರ್ ಹಾಕಿ ಡೈ ಬಿಸಿ ಮಾಡಿ, ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತು, ಗ್ಲೌಸ್ ಹಾಕ್ಕೊಂಡು ಬಿಚ್ಚಿ, ತೂತು ಹಿಗ್ಗಿ ಬೋಲ್ಟ್ ಸಲೀಸಾಗಿ ಬರತ್ತೆ. ಬಿಗಿ ಮಾಡೋದು ತಣ್ಣಗಿರೋವಾಗ, ಬಿಚ್ಚೋದು ಬಿಸಿ ಇರೋವಾಗ. ತುಕ್ಕು ಹಿಡಿಯತ್ತೆ ಅಂತ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟ್ ಹಾಕೋರಿದಾರೆ, ಮಾಮೂಲಿ ಎ2-70 ಎಸ್‌ಎಸ್ 8.8ಗಿಂತ ಬಲ ಕಮ್ಮಿ, ಮೇಲಾಗಿ ಥಂಡಿಲಿ ಎಸ್‌ಎಸ್ ಅಲ್ಯೂಮಿನಿಯಂ ಜೊತೆ ಸೇರಿದ್ರೆ ಅಲ್ಯೂಮಿನಿಯಂ ತಿಂದುಹೋಗತ್ತೆ. ಕಪ್ಪು 8.8 ಇಲ್ಲಾ 12.9 ಹಾಕಿ, ಸೀಸನ್ ಮುಗಿದ ಮೇಲೆ ತಲೆಗೆ ಗ್ರೀಸ್ ಒರೆಸಿ ಇಡಿ, ಅಷ್ಟೇ ಸಾಕು.

ಥ್ರೆಡ್ಡೇ ಹೋಗಿದ್ರೆ ಟೂಲು ಏನೂ ಮಾಡಲ್ಲ, ದಪ್ಪ ಬೋಲ್ಟ್ ಬಡಿದು ಕೂರಿಸ್ಬೇಡಿ, ಹೆಲಿಕಾಯಿಲ್ (ಹೋದ ಥ್ರೆಡ್ ಜಾಗಕ್ಕೆ ಕೂರಿಸೋ ಸುರುಳಿ ಥ್ರೆಡ್) ಹಾಕಿಸಿ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಹೋದ್ರೆ ಇಂಜಿನ್ ಬ್ಲಾಕಿಗೆ ಇದನ್ನ ಹಾಕೋರು ಸಿಗ್ತಾರೆ, ಡೈಗೂ ಅದೇ ಕೆಲಸ. ಅಲ್ಯೂಮಿನಿಯಂ ಒಳಗೆ ಬೋಲ್ಟು ಅದರ ದಪ್ಪದ ಎರಡರಷ್ಟು ಆಳ ಹಿಡೀಬೇಕು, ಎಂ 8 ಆದ್ರೆ 16 ಎಂಎಂ, ಅಷ್ಟು ಉದ್ದದ ಇನ್ಸರ್ಟೇ ಹಾಕಿ ಅಂತ ಹೇಳಿ. ಹೋಗೋವಾಗ ಡೈ ಜೊತೆ ಹಳೇ ಬೋಲ್ಟನ್ನೂ ತಗೊಂಡು ಹೋಗಿ, ಯಾಕಂದ್ರೆ 5/16 ಇಂಚಿನ ಬೋಲ್ಟು 7.94 ಎಂಎಂ, ಎಂ 8 ತರಾನೇ ಕಾಣತ್ತೆ, ಆದ್ರೆ ಇಂಚಿಗೆ 18 ಹಲ್ಲು ಅಂದ್ರೆ ಹಲ್ಲಿಂದ ಹಲ್ಲಿಗೆ 1.41 ಎಂಎಂ, ಎಂ 8ದು 1.25. ಒಂದೆರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಬಿಗಿ ಆಗತ್ತೆ, ಟೈಟ್ ಆಯ್ತು ಅಂದ್ಕೊಂಡು ಎಳೆದ್ರೆ ಥ್ರೆಡ್ ಕಿತ್ಕೊಂಡು ಬರತ್ತೆ. ಹಲ್ಲಿನ ಅಂತರ ಅಳೆಯೋ ಪಿಚ್ ಗೇಜ್ ಇಟ್ಟು ನೋಡಿ ಅಂತ ಲೇತ್‌ನವರಿಗೆ ಹೇಳಿ, ಇಂಚಿಂದು ಅಂತಾದ್ರೆ ಆ ಡೈನ ಎಲ್ಲಾ ತೂತನ್ನೂ ಒಂದೇ ಸಲ ಎಂಎಂಗೆ ಬದಲಾಯಿಸಿಬಿಡಿ.